ನಾಯಿ ಛಾಪು

ನಮ್ಮ ಅಫಜಲಪುರ ತಾಲೂಕಿನವರು ನಾಯಿಗೆ ಕಲ್ಲು ಎತ್ತುವ ಮೊದಲು ಒಂದು ಗಳಿಗೆ ಅನುಮಾನಿಸುತ್ತಾರೆ. ದತ್ತನ ಕ್ಷೇತ್ರ ಗಾಣಗಾಪುರ ಇರುವುದು ಇಲ್ಲೇ. ದತ್ತಾತ್ರೇಯನ ಫೋಟೋದಲ್ಲಿ ಹಿಂದೆ ಒಂದು ಆಕಳು, ಪಾದದ ಬಳಿ ನಾಲ್ಕು ನಾಯಿ. ನಾಲ್ಕೂ ನಾಲ್ಕು ವೇದ ಎನ್ನುತ್ತಾರೆ ತಿಳಿದವರು. ಮಧುಕರಿ ಭಿಕ್ಷೆಗೆ ಜೋಳಿಗೆ ಹಿಡಿದು ನಿಂತ ಭಕ್ತರ ಬದಿಗೆ ನಾಯಿಗಳೂ ನಿಂತಿರುತ್ತವೆ, ಅವಕ್ಕೂ ಪಾಲು ಉಂಟು. ಇಂಥ ಸೀಮೆಯಲ್ಲಿದ್ದುಕೊಂಡು, ಮನೆಯಲ್ಲಿ ಹಾಡುತ್ತ ತಿರುಗುತ್ತಿರುವ ಎಲ್‌ಪಿಯ ಮೇಲೆ ಬಾಲ ಬೀಸಿದ ನಾಯಿಗೆ ಬೈಯುವುದು ಹೇಗೆ? ಯಾವ ವೇದಕ್ಕೆ ಬೈದಂತಾಯಿತೋ ಎಂಬ ಅಂಜಿಕೆ.

ನಮ್ಮಲ್ಲಿ ಎರಡಿವೆ. ಮೋತಿ ಬೀದಿಯಿಂದ ತಾನಾಗಿಯೇ ಬಂದು ಮನೆಯವನಾದವನು. ರಾಜಾ ಆಳಂದದ ಬೀಗರು ಕೊಟ್ಟ ಪಾಮೇರಿಯನ್. “ಸಣ್ಣ ಮರಿ ಅದರಿ, ಒಂದ್ ಮೂಲ್ಯಾಗ ಬಿದ್ದಿರ್ತದ” ಎಂದಿದ್ದರು. ಮೂಲೆಯಲ್ಲಿ ಬಿದ್ದಿರುವುದು ಅದರ ಕೂದಲು ಮಾತ್ರ. ನಮ್ಮದು ಎರಿ ಭೂಮಿ ಬೇರೆ. ತೊಗರಿ ರಾಶಿಯ ದಿನಗಳಲ್ಲಿ ಎರಡೂ ಹೊಲದ ಧೂಳನ್ನೆಲ್ಲ ಮೈಮೇಲೆ ಹೊತ್ತು ತಂದು, ಸರಿಯಾಗಿ ಆಂಪ್ಲಿಫೈಯರ್ ಮುಂದೆ ನಿಂತು ಝಾಡಿಸುತ್ತವೆ. ಎಲ್‌ಪಿ ಪ್ಲೇಯರಿನ ಮುಳ್ಳು ತಟ್ಟೆಯ ಮೇಲೆ ಊರುವ ಭಾರ ಎರಡು ಗ್ರಾಮಿನ ಆಸುಪಾಸು. ಅದರಡಿ ರಾಜಾನ ಒಂದು ಕೂದಲು ಸಿಕ್ಕಿತೆಂದರೆ ಎಂಥ ಗವಾಯಿಗೂ ನೆಗಡಿ. ರಿಪೇರಿಗೆ ಜೇವರ್ಗಿಯಿಂದ ಬಂದ ಹುಡುಗ ಪೆಟ್ಟಿಗೆ ಬಿಚ್ಚಿ ನೋಡಿ, “ಕಾಕಾ, ಇದರಾಗಿನ ಕೂದಲದಾಗ ಒಂದು ಕಂಬಳಿ ಆಗ್ತದರಿ” ಎಂದ. ಮಜೂರಿ ಕೊಡುವಾಗ ಕಂಬಳಿಯ ಬೆಲೆ ಕಳೆಯಲು ಒಪ್ಪಲಿಲ್ಲ.

ಮುತ್ಯಾನ ಕಾಲದ ಚಾವಿ ಗ್ರಾಮೋಫೋನೇ ನಾಯಿಗಳಿಗೆ ತಕ್ಕ ಯಂತ್ರ. ಕಚ್ಚಲು ವೈರ್ ಇಲ್ಲ, ಭಾರದ ತೋಳು, ಉಕ್ಕಿನ ಸೂಜಿ. ಕೂದಲನ್ನೂ ಧೂಳನ್ನೂ ತುಳಿದುಕೊಂಡೇ ಹಾಡುತ್ತಿತ್ತು. ಹೆಚ್ಚೆಂದರೆ ಅರಗಿನ ತಟ್ಟೆ ಕೆಳಗೆ ಬಿದ್ದು ಒಡೆದೀತು. ಎಚ್‌ಎಂವಿ ತಟ್ಟೆಗೆ, ಮೇಲಿನ ನಾಯಿಯ ಚಿತ್ರ ನೋಡಿ, ಮುತ್ಯಾ ‘ನಾಯಿ ಛಾಪು’ ಎನ್ನುತ್ತಿದ್ದ. ಕಂಪನಿ ಯಾವುದಾದರೂ ಇರಲಿ, ನಾಯಿ ಒಳ್ಳೆಯದು ಎಂಬುದು ಅವನ ಮತ.

ಆ ನಾಯಿಯ ಕಥೆಯೂ ಮಜವಾಗಿದೆ. ಹೆಸರು ನಿಪ್ಪರ್, 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಹುಟ್ಟಿದ್ದು. ಬಂದವರ ಮೀನಖಂಡಕ್ಕೆ ಬಾಯಿ ಹಾಕುವುದು ಅದರ ಚಾಳಿ. 1895ರಲ್ಲಿ ತೀರಿಕೊಂಡಿತು. ಅದಾದ ಮೂರು ವರ್ಷಕ್ಕೆ ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರ, ಉರುಳೆಯ ಫೋನೋಗ್ರಾಫ್ ಮುಂದೆ ಅದು ಕಿವಿಗೊಟ್ಟು ಕುಳಿತಂತೆ ಬರೆದ. ಗ್ರಾಮೋಫೋನ್ ಕಂಪನಿಯವರು 1899ರಲ್ಲಿ, ಆ ಯಂತ್ರ ಅಳಿಸಿ ನಮ್ಮದನ್ನು ಬರೆದುಕೊಡು ಎಂದು ನೂರು ಪೌಂಡಿಗೆ ಕೊಂಡರು. ಚಿತ್ರದಲ್ಲಿ ಅದು ಸದ್ದಿಲ್ಲದೆ, ಏನೂ ಕಚ್ಚದೆ, ತೋಳು ಎಳೆಯದೆ ಕುಳಿತಿದೆಯಲ್ಲ, ಅದರ ಗುಟ್ಟು ಇಷ್ಟೇ: ಕುಳಿತವನು ಸತ್ತು ಮೂರು ವರ್ಷವಾಗಿತ್ತು. ಬದುಕಿದ್ದರೆ ಮೊದಲು ಆ ಕಹಳೆಗೆ ಕಾಲೆತ್ತುತ್ತಿತ್ತು. ನಮ್ಮ ನೆಲದ ಸ್ಪೀಕರಿನ ಕೆಳತುದಿಯ ಬಣ್ಣ ನೋಡಿದರೆ ನಂಬಿಕೆ ಬರುತ್ತದೆ.

ಆದರೂ ನಾಯಿಗೆ ಸಂಗೀತ ತಿಳಿಯದು ಅನ್ನಲಾರೆ. ಭೀಮಸೇನ ಜೋಶಿಯವರು ತಾರ ಷಡ್ಜದಲ್ಲಿ ನಿಂತರೆಂದರೆ ಮೋತಿ ಮೂತಿ ಮೇಲೆತ್ತಿ ತಾನೂ ಅಲ್ಲೇ ನಿಲ್ಲುತ್ತಾನೆ, ಅವರು ಇಳಿದರೂ ಇಳಿಯುವುದಿಲ್ಲ. ದೂರದಲ್ಲಿ ಯಾರೋ ನಮ್ಮವರೇ ಊಳಿಡುತ್ತಿದ್ದಾರೆ, ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ ಎಂಬ ಲೆಕ್ಕವಿರಬೇಕು. ಮಲ್ಲಿಕಾರ್ಜುನ ಮನಸೂರರ ಮುಂದೆ ಮಾತ್ರ ಸುಮ್ಮನೆ ಮಲಗುತ್ತಾನೆ. ಒಂದು ಸ್ವರದ ಮೇಲೆ ನಿಂತರೆ ತಾನೇ ಜೊತೆ ಸೇರುವುದು, ಅವರು ನಿಲ್ಲುವವರಲ್ಲ.

ಕಿವಿಯ ಯೋಗ್ಯತೆಯಲ್ಲಂತೂ ನಾನು ಅವನ ಹತ್ತಿರ ಸುಳಿಯಲಾರೆ. ಮನುಷ್ಯನಿಗೆ ಹರೆಯದಲ್ಲಿ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ ಕೇಳೀತು, ಐವತ್ತು ದಾಟಿದವರಿಗೆ ಅದೂ ಇಲ್ಲ. ನಾಯಿಗೆ 45,000ದ ತನಕ. ನನ್ನ ಹೊಸ ಸ್ಪೀಕರಿನ ಡಬ್ಬಿಯ ಮೇಲೆ 40,000 ಎಂದು ಹೆಮ್ಮೆಯಿಂದ ಅಚ್ಚು ಹಾಕಿದ್ದಾರೆ. ಮನೆಯವಳಿಗೆ ಇದನ್ನೆಲ್ಲ ವಿವರಿಸಿದೆ. “ಹಂಗಾರ ಇಷ್ಟ್ ರೊಕ್ಕ ಹಾಕಿದ್ದು ಮೋತಿ ಸಲುವಾಗಿ ಅನ್ರಿ” ಎಂದು ಅಡುಗೆಮನೆಗೆ ಹೋದಳು. ಅಲ್ಲಿ ಕಡಕ್ ರೊಟ್ಟಿ ಮುರಿದ ಸದ್ದು ನನಗೆ ಕೇಳಲಿಲ್ಲ, ತಟ್ಟೆಯಲ್ಲಿ ದ್ರುತ್ ಲಯದ ಗಾಯನ ನಡೆದಿತ್ತು. ಮೋತಿ ಎದ್ದು ಹೋದ.

ಈಗ ನಾಯಿಗಳ ಕಾಟಕ್ಕೆ ಪ್ಲೇಯರು, ಸ್ಪೀಕರು ಎಲ್ಲವನ್ನೂ ಗೋಡೆಯ ಹಲಗೆಗೆ ಏರಿಸುವುದೆಂದು ತೀರ್ಮಾನವಾಗಿದೆ. ಬಡಿಗರು ಟೇಪು ಹಿಡಿದು ಬಂದರು. “ಎಷ್ಟ್ ಎತ್ತರ ಬೇಕ್ರಿ?” ಕೇಳುವವರ ಕಿವಿಯ ಮಟ್ಟಕ್ಕೆ ಬರಬೇಕು, ಹಾಗಿದ್ದರೇ ನಾದ ಸರಿಯಾಗಿ ಬರುತ್ತದೆ ಎಂದೆ. ಕುರ್ಚಿಯಲ್ಲಿ ಕುಳಿತ ನನ್ನನ್ನು ನೋಡಿದರು. ಸ್ಪೀಕರಿನ ಎದುರಿಗೇ ಕಾಲು ಚಾಚಿದ್ದ ಮೋತಿಯನ್ನು ನೋಡಿದರು. “ಯಾರ ಕಿವಿ ಅಂತ ಮೊದಲ ಹೇಳಿಬಿಡ್ರಿ ಸಾಹೇಬ್ರ, ಆಮ್ಯಾಲ ಮೊಳಿ ಹೊಡದ್ರ ಕೀಳಾಕ ಬರಂಗಿಲ್ಲ.”