ಎರಡನೇ ಮಗನ ಪಾಲು

ನಮ್ಮ ವಂಶದಲ್ಲಿ ಒಬ್ಬ ದಿವಾನ, ಹೋಗಲಿ ಒಬ್ಬ ಅಮಲ್ದಾರನಾದರೂ ಇದ್ದಿರಲೇಬೇಕು ಎಂಬುದು ನಿವೃತ್ತಿಯಾದ ಮೇಲೆ ನನಗೆ ಹತ್ತಿದ ಗುಂಗು. ಆಧಾರವೆಂದು ಕೈಗೆ ಸಿಕ್ಕಿದ್ದು ಅಟ್ಟದ ಟ್ರಂಕಿನಲ್ಲಿದ್ದ ಒಂದು ಉಯಿಲು. ‘ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ’ ಎಂದು ಹೊರಟ ವಾಕ್ಯ ಕೊನೆಯ ಪುಟದ ರುಜುವಿನ ತನಕ ಎಲ್ಲೂ ಉಸಿರು ತೆಗೆದುಕೊಳ್ಳುವುದಿಲ್ಲ. ಪದಗಳ ನಡುವೆ ಜಾಗ ಬಿಟ್ಟರೆ ಕಾಗದ ದಂಡ ಎಂದು ಶ್ಯಾನುಭೋಗರು ತಿಳಿದಿದ್ದರೋ ಏನೋ.

ಇಸವಿ ಇಲ್ಲ, ವಿಭವ ಸಂವತ್ಸರ ಎಂದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1868ರಲ್ಲೂ ವಿಭವ, 1928ರಲ್ಲೂ ವಿಭವ. ಹೆಸರು ನೋಡಿ ತೀರ್ಮಾನಿಸೋಣವೆಂದರೆ ತಾತನ ಹೆಸರನ್ನು ಮೊಮ್ಮಗನಿಗಿಡುವ ಮನೆತನ ನಮ್ಮದು. ಎರಡು ವಿಭವಕ್ಕೂ ಅದೇ ಹೆಸರಿನ ಒಬ್ಬೊಬ್ಬರು ತಯಾರು. ಛಾಪಾಕಾಗದದ ಮುದ್ರೆಯಾದರೂ ಬಾಯಿಬಿಡುತ್ತಿತ್ತು, ಆದರೆ ಉಯಿಲಿಗೆ ಛಾಪಾಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಸರ್ವೆ ನಂಬರೂ ಇಲ್ಲ. ‘ಎರಡು ಖಂಡುಗ ಬಿತ್ತನೆ ಗದ್ದೆ, ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಹಳ್ಳ.’

“ಹುಣಸೆಮರಕ್ಕೇ ಫೋನ್ ಮಾಡಿ ಕೇಳಿ” ಎಂದಳು ನನ್ನಾಕೆ, ಸೊಪ್ಪು ಬಿಡಿಸುತ್ತಾ.

ದೊಡ್ಡವರ ಉಯಿಲೂ ಒಗಟೇ ಎಂದು ಸಮಜಾಯಿಷಿ ಕೊಟ್ಟೆ. 1616ರಲ್ಲಿ ಶೇಕ್ಸ್‌ಪಿಯರ್ ಹೆಂಡತಿಗೆ ತನ್ನ ಎರಡನೇ ದರ್ಜೆಯ ಮಂಚ ಬರೆದಿಟ್ಟ. ಯಾಕೆಂದು ವಿದ್ವಾಂಸರು ಇಂದಿಗೂ ಕಿತ್ತಾಡುತ್ತಿದ್ದಾರೆ.

“ಪುಣ್ಯಾತಗಿತ್ತಿಗೆ ಮಂಚವಾದರೂ ಸಿಕ್ಕಿತು. ನಿಮ್ಮವರು ಹೆಂಡತಿಗೆ ಏನು ಬರೆದಿದ್ದಾರೆ ನೋಡಿ.”

ನೋಡಿದೆ. ವರ್ಷಕ್ಕೆ ಒಂದಿಷ್ಟು ಭತ್ತ, ಎರಡು ಸೀರೆ, ಹಿತ್ತಿಲ ಕೋಣೆಯಲ್ಲಿ ವಾಸ. ಅದರ ಮುಂದಿನ ಸಾಲನ್ನು ಮಾತ್ರ ಮೆಲ್ಲಗೆ ಹಾರಿಸಿದೆ. ಆಕೆ ಭೂತಗನ್ನಡಿ ಕಿತ್ತುಕೊಂಡಳು. ಇಷ್ಟು ದಿನ ನನ್ನನ್ನು ತಿಣುಕಿಸಿದ್ದ ಅಕ್ಷರಗಳು ಆಕೆಯ ಕಣ್ಣಿಗೆ ಅಚ್ಚು ಹಾಕಿದಂತೆ ಕಾಣಬೇಕೆ!

“‘ಎರಡನೇ ಮಗನು ಯಾವ ಉದ್ಯೋಗವನ್ನೂ ನೋಡದೆ ಜಗಲಿಯಲ್ಲಿ ಕಾಲಹರಣ ಮಾಡುವವನಾದ್ದರಿಂದ, ಅವನ ಪಾಲನ್ನು ಅವನ ಹೆಂಡತಿಯೇ ನೋಡಿಕೊಂಡು ಹೋಗತಕ್ಕದ್ದು; ಪರಭಾರೆ ಮಾಡುವ ಅಧಿಕಾರ ಅವನಿಗಿಲ್ಲ.’ ವಿಭವ ಯಾವುದಾದರೂ ಇರಲಿ ಬಿಡಿ. ನೀವು ಈ ಎರಡನೇ ಮಗನ ನೇರ ಸಂತಾನ. ಬೇಕಾದರೆ ಸಾಕ್ಷಿಗೆ ನಾನೇ ರುಜು ಹಾಕುತ್ತೇನೆ.”

ಸಾಕ್ಷಿಗಳು ಇಬ್ಬರಿರಬೇಕು ಎಂದು ಕಾನೂನಿನ ತೊಡಕು ತೆಗೆದೆ. ಒಳಗಿನಿಂದ ಮಗಳು ಪೆನ್ನು ಹಿಡಿದುಕೊಂಡೇ ಬಂದಳು.