ನೇತ್ರಾಣಿ ಮಾಮ

ಬಳ್ಳಾರಿಯ ಓಣಿಗೊಬ್ಬರಂತೆ ಈಗ ನೇತ್ರಾಣಿ ಮಾಮಂದಿರು ಹುಟ್ಟಿಕೊಂಡಿದ್ದಾರೆ. ಹಿಂದೆ ಕಾಶಿಗೆ ಹೋಗಿ ಬಂದವರು ಹೀಗೇ ತಲೆ ತಿನ್ನುತ್ತಿದ್ದರು; ಅವರಾದರೂ ಗಂಗೆಯ ಗಿಂಡಿ ಕೊಟ್ಟು ಹೋಗುತ್ತಿದ್ದರು. ಇವರದು ಬರೀ ಎರಡು ನಿಮಿಷದ ವಿಡಿಯೊ.

ನಮ್ಮ ಮಾಮನದು ಜೀನ್ಸ್ ಹೊಲಿಸುವ ದಂಧೆ. ಬಿಸಿಲು 40 ದಾಟಿದ ಏಪ್ರಿಲ್ಲಿನಲ್ಲಿ ಅತ್ತೆಯನ್ನು ಕರೆದುಕೊಂಡು ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋದರು. ಅಲ್ಲಿಂದ ಸಮುದ್ರದೊಳಗೆ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ. ನೌಕಾಪಡೆಯವರು ಗುಂಡು ಹಾರಿಸಿ ಗುರಿ ಕಲಿತ ದ್ವೀಪ ಅದು. ಮಾಮನಿಗೆ ಅದೆಲ್ಲ ಯಾಕೆ? 2022ರ 'ಗಂಧದ ಗುಡಿ'ಯಲ್ಲಿ ಅಪ್ಪು ಇಳಿದ ನೀರು, ಅಷ್ಟೇ ಸಾಕು.

ಈಜು ಬಾರದು. ಆದರೆ ಸ್ನಾರ್ಕೆಲಿಂಗಿಗೆ ಈಜು ಬೇಕಿಲ್ಲ. ಲೈಫ್ ಜಾಕೆಟ್ ತೊಟ್ಟು, ಕೊಳವೆ ಕಚ್ಚಿ, ಮುಖ ನೀರಲ್ಲಿಟ್ಟು ತೇಲಿದರಾಯಿತು. ದೋಣಿಯಲ್ಲಿ ಮಾಮ ಮೊದಲು ನೋಡಿದ್ದು ಸಮುದ್ರವನ್ನಲ್ಲ, ಸ್ಕೂಬಾದವರ ಬಿಗಿ ಅಂಗಿಯ ಹೊಲಿಗೆಯನ್ನು. "ಫ್ಲಾಟ್‌ಲಾಕ್ ಹೊಡದಾರೆ, ನೋಡು" ಎಂದು ಒಬ್ಬ ಅಪರಿಚಿತನ ಬೆನ್ನು ಸವರಿದರಂತೆ.

ದೋಣಿಯ ಹುಡುಗ ಮಾಸ್ಕ್ ಕೊಟ್ಟು, "ಒಳಗೆ ಉಗೀರಿ ಸರ್, ಗಾಜಿಗೆ ಮಂಜು ಹಿಡಿಯೂದಿಲ್ಲ" ಎಂದ. ಮಾಮ ದಂಗಾದರು. ಐವತ್ತು ವರ್ಷ ಮನೆಯವರು, ಆಸ್ಪತ್ರೆಯವರು, ಗೋಡೆಯ ಮೇಲಿನ ದೇವರ ಪಟಗಳು ಎಲ್ಲ ಸೇರಿ ಉಗುಳಬೇಡ ಎಂದಿದ್ದರು; ಉಗುಳು ಎಂದವನು ಇವನೊಬ್ಬನೇ. ದವಡೆಯಲ್ಲಿ ಎಲೆಅಡಿಕೆ ಇದ್ದದ್ದು ಮರೆತು, ತುಂಬು ಮನಸ್ಸಿನಿಂದ ಉಗಿದರು. ಹುಡುಗ ತೊಳೆದುಕೊಡುವ ಮೊದಲೇ ಹಾಕಿಕೊಂಡು ಇಳಿದರು. ಮೊದಲ ಐದು ನಿಮಿಷ ಕಂಡ ಹವಳವೆಲ್ಲ ಕೆಂಪಗಿತ್ತು.

"ಉಂಗುರಕ್ಕೆ ಒಂದು ತುಣುಕು ತರಬಾರದಿತ್ತಾ?" ಎಂಬುದು ಅತ್ತೆಯ ಇಂದಿನವರೆಗಿನ ಕೊರಗು. ಅದನ್ನು ಮುರಿದರೆ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಉಂಗುರದ ಕೆಂಪು ಹವಳದ ಜಾತಿಯೇ ಬೇರೆ, ಅದು ಮೆಡಿಟರೇನಿಯನ್ ಕಡೆಯದು ಎಂದು ಮಾಮ ಹೇಳುತ್ತಾರೆ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಸುಣ್ಣದ ಮನೆ ಕಟ್ಟಿಕೊಂಡ ಸಣ್ಣ ಸಣ್ಣ ಪ್ರಾಣಿ ಎಂದೂ ಹೇಳುತ್ತಾರೆ. ಇದಿಷ್ಟೂ ನಿಜ. ಕಷ್ಟವೆಂದರೆ, ಕೇಳದವರಿಗೂ ಹೇಳುತ್ತಾರೆ.

ಕುರುಗೋಡಿನಲ್ಲಿ ಮದುವೆ. ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಊಟಕ್ಕೆ ಕೂತರೆ, ಮಾಮ ಪಂಕ್ತಿಯಲ್ಲಿ ಗಿಳಿಮೀನು ತೆಗೆದರು. ಅದು ಹವಳದ ಬಂಡೆಯನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ತಿಂದು, ಹಿಂದಿನಿಂದ ಮರಳು ಬಿಡುತ್ತದಂತೆ. ಪಾಯಸ ಬಡಿಸುತ್ತಿದ್ದವನು ಸೌಟು ಎತ್ತಿ ನಿಂತ. ಸಿರುಗುಪ್ಪದ ಷಡ್ಡಕ, ತುಂಗಭದ್ರೆಯ ದಡದಲ್ಲೇ ಬೆಳೆದವರು, ಗಂಭೀರವಾಗಿ ಕೇಳಿದರು: "ಆ ಮರಳಿಗೂ ಪರ್ಮಿಟ್ ಬೇಕೇನ್ರಿ?"

ಆಮೇಲೆ ವಿಡಿಯೊ. ನೀಲಿ ನೀರಲ್ಲಿ ಎರಡು ಪಾದ ಆಡುತ್ತಿವೆ, ಮುಖ ಕಾಣದು.

"ನಾನೇ" ಎಂದರು ಮಾಮ.

"ಅದು ನಿಮ್ಮ ಕಾಲಲ್ಲ" ಎಂದರು ಅತ್ತೆ. "ಆ ಹಿಮ್ಮಡಿ ಎಲ್ಲಿ ಒಡದೈತಿ?"

ಮಾಮ ಉಪ್ಪುನೀರಿನ ಗುಣ ವಿವರಿಸತೊಡಗಿದರು.

ಹೋದ ವಾರ ನಲ್ಲಿ ನೀರು ಬಂದ ದಿನ, ಮಾಮನ ಮನೆಯ ಸಂಪಿನೊಳಗೆ ತಾಮ್ರದ ಬಿಂದಿಗೆ ಜಾರಿ ಬಿತ್ತು. ಎದೆಮಟ್ಟ ನೀರು. ಓಣಿಯೆಲ್ಲ ಸೇರಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಮಾಮನ ಕಡೆ ನೋಡಿದರು. ಮಾಮ ಒಳಗೆ ಹೋದರು. ಹತ್ತು ನಿಮಿಷ ಬಿಟ್ಟು ಮುರುಡೇಶ್ವರದಲ್ಲಿ ಕೊಂಡಿದ್ದ ಮಾಸ್ಕ್ ಹಾಕಿಕೊಂಡು ಹೊರಬಂದರು. ಬಗ್ಗಿ ನೋಡಿದರು. ಮಾಸ್ಕ್ ತೆಗೆದು ಒಳಗೆ ಉಗಿಯಲು ಬಾಯಿ ತೆರೆದರು.

"ಕುಡಿಯೋ ನೀರ್ರೀ ಅದು!" ಎಂದು ಅತ್ತೆ ಕೂಗಿದ್ದು ಮೋತಿ ಸರ್ಕಲ್‌ವರೆಗೆ ಕೇಳಿಸಿರಬೇಕು.