ಪರಿಸರ ಮೀಮಾಂಸೆ

ವಿಷಯ: ಡೇಟಾಬೇಸ್ ಎಲ್ಲಿದೆ, ಪಾಸ್‌ವರ್ಡ್ ಏನು, ಪೋರ್ಟ್ ಯಾವುದು ಎಂಬ ಜ್ಞಾನ ಆ್ಯಪ್‌ಗೆ ಹುಟ್ಟಿನಿಂದ ಬಂದಿರುವುದಿಲ್ಲ, ಯಾರಾದರೂ ಹೇಳಲೇಬೇಕು. ಹೇಳುವ ಬಗೆಯಲ್ಲಿ ಎರಡು ಮತಗಳಿವೆ. ಕಾನ್ಫಿಗ್ ಫೈಲಿನಲ್ಲಿ ಬರೆದಿಡಿ ಎನ್ನುವವರು ಕಡತವಾದಿಗಳು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಇಡಿ ಎನ್ನುವವರು ಪರಿಸರವಾದಿಗಳು. ಈ ಇಬ್ಬರನ್ನು ಒಂದೇ ಮೀಟಿಂಗಿಗೆ ಕರೆಯುವುದು ಶಾಸ್ತ್ರನಿಷಿದ್ಧ.

ಪ್ರಮಾಣ: ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಅವತಾರವಾದದ್ದು 1979ರಲ್ಲಿ, ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ. ಮತಸ್ಥಾಪನೆಯಾದದ್ದು 2011ರಲ್ಲಿ, ಹೆರೋಕುವಿನ ಆಡಮ್ ವಿಗಿನ್ಸ್ 'ಟ್ವೆಲ್ವ್ ಫ್ಯಾಕ್ಟರ್ ಆ್ಯಪ್' ಎಂಬ ದ್ವಾದಶಸೂತ್ರಿಯನ್ನು ಲೋಕದ ಮುಂದಿಟ್ಟಾಗ. ಅದರ ಮೂರನೆಯ ಸೂತ್ರ ಕಾನ್ಫಿಗ್‌ಗೆ ಮೀಸಲು. ಅಲ್ಲೊಂದು ಅಗ್ನಿಪರೀಕ್ಷೆಯೂ ಇದೆ: ಒಂದೇ ಒಂದು ಗುಟ್ಟೂ ರಟ್ಟಾಗದಂತೆ ನಿಮ್ಮ ಕೋಡನ್ನು ಈ ಕ್ಷಣವೇ ಊರಿಗೆಲ್ಲ ತೆರೆದಿಡಬಲ್ಲಿರಾ? ಕಡತವಾದಿ ಇಲ್ಲಿ ಕೆಮ್ಮುತ್ತಾನೆ. ಅವನ ಪಾಸ್‌ವರ್ಡ್ ಆಗಲೇ ಗಿಟ್ ಸೇರಿ ಚಿರಂಜೀವಿಯಾಗಿದೆ.

ದಾಯಾಧಿಕಾರ: ತಂದೆ ಪ್ರೊಸೆಸ್‌ನ ವೇರಿಯಬಲ್‌ಗಳಲ್ಲಿ ಮಗುವಿಗೆ ಹಕ್ಕು ಬರುವುದು ಯಾವಾಗ? ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರದಂತೆ, ಹುಟ್ಟಿದಾಗಲೇ. ಆದರೆ ಕೈಗೆ ಬರುವುದು ನಕಲು ಪ್ರತಿ. ಮಗ ಅದನ್ನು ತಿದ್ದಿದರೆ ತಂದೆಗೆ ಗೊತ್ತಾಗುವುದಿಲ್ಲ. ಆಮೇಲೆ ತಂದೆ ತಿದ್ದಿದರೆ ಮಗನಿಗೆ ತಲುಪುವುದಿಲ್ಲ. ಹೊಸ ಬೆಲೆ ತಿಳಿಯಬೇಕಿದ್ದರೆ ಮಗ ಸತ್ತು ಮತ್ತೆ ಹುಟ್ಟಬೇಕು. ಈ ಪುನರ್ಜನ್ಮಕ್ಕೆ ಲೌಕಿಕರು ರೀಸ್ಟಾರ್ಟ್ ಎನ್ನುತ್ತಾರೆ.

ಸತ್ಯಮಿಥ್ಯಾ ವಿಚಾರ: ಪರಿಸರದಲ್ಲಿ ಸಂಖ್ಯೆಯಿಲ್ಲ, ಹೌದು-ಅಲ್ಲಗಳಿಲ್ಲ, ಇರುವುದೆಲ್ಲ ಸ್ಟ್ರಿಂಗ್. ಸಾಧಕನೊಬ್ಬ ಪ್ರೊಡಕ್ಷನ್ನಿನಲ್ಲಿ 'ಡೀಬಗ್ = ಫಾಲ್ಸ್' ಎಂದು ಇಟ್ಟು ನಿಶ್ಚಿಂತನಾದನೆನ್ನಿ. ಪೈಥಾನ್ ಅದನ್ನು ಐದಕ್ಷರದ ಸ್ಟ್ರಿಂಗ್ ಎಂದು ಓದುತ್ತದೆ. ಖಾಲಿಯಲ್ಲದ ಸ್ಟ್ರಿಂಗ್ ಅದರ ಮತದಲ್ಲಿ ಸತ್ಯ. ಹೀಗೆ ಮಿಥ್ಯೆಯೇ ಸತ್ಯವಾಗಿ ಡೀಬಗ್ ಪುಟ ಗ್ರಾಹಕರಿಗೆ ದರ್ಶನ ಕೊಡುತ್ತದೆ. ಅದ್ವೈತಿಗಳೂ ಇಷ್ಟು ದೂರ ಹೋಗಿರಲಿಲ್ಲ.

ರಹಸ್ಯ ವಿಚಾರ: ಪರಿಸರದಲ್ಲಿಟ್ಟ ಪಾಸ್‌ವರ್ಡ್ ಯಾರಿಗೂ ಕಾಣದು ಎಂಬುದು ಶ್ರದ್ಧೆ. ಲಿನಕ್ಸ್‌ನ 'ಪ್ರಾಕ್' ಡೈರೆಕ್ಟರಿಯಲ್ಲಿ ಪ್ರತಿ ಪ್ರೊಸೆಸ್‌ಗೂ 'ಎನ್ವಿರಾನ್' ಎಂಬ ಫೈಲಿದೆ. ಅದೇ ಯೂಸರ್ ಅಥವಾ ರೂಟ್ ಅದನ್ನು ಆರಾಮಾಗಿ ಓದಬಹುದು. ಹೌದು, ಅದೂ ಫೈಲೇ.

ಸಮನ್ವಯ: ವೇರಿಯಬಲ್‌ಗಳು ನಾಲ್ಕಿದ್ದಾಗ ಬಾಯಿಪಾಠವಾಗುತ್ತವೆ. ನಲವತ್ತಾದಾಗ ಪರಿಸರವಾದಿ ಅವನ್ನೆಲ್ಲ ಒಂದು ಕಡೆ ಬರೆದಿಡುತ್ತಾನೆ, ಅದಕ್ಕೆ 'ಡಾಟ್ ಎನ್ವ್' ಎಂದು ಹೆಸರಿಡುತ್ತಾನೆ. ಹೆಸರಿನ ಮುಂದೆ ಚುಕ್ಕಿ ಇರುವುದರಿಂದ ಬರೀ 'ಎಲ್‌ಎಸ್' ಹೊಡೆದರೆ ಅದು ಕಾಣುವುದಿಲ್ಲ. ಕಾಣದ್ದರಿಂದ ಅದು ಫೈಲಲ್ಲ. ಕುಬರ್ನೆಟೀಸ್ ಪಂಥದವರು ಇನ್ನೂ ಮುಂದುವರಿದು, ಈ ವೇರಿಯಬಲ್‌ಗಳನ್ನು ಹೊಂದಿಸಲೆಂದೇ ಉದ್ದುದ್ದ ಯಾಮಲ್ ಫೈಲುಗಳನ್ನು ಬರೆಯುತ್ತಾರೆ.

ಫಲಶ್ರುತಿ: ಇದನ್ನು ಶುಕ್ರವಾರ ಸಂಜೆ ಡಿಪ್ಲಾಯ್‌ಗೆ ಮುನ್ನ ಪಠಿಸಿದವರಿಗೆ ನಿದ್ರೆ ಲಭಿಸುವುದು. 'ಗಿಟ್‌ಇಗ್ನೋರ್'ನಲ್ಲಿ ಡಾಟ್ ಎನ್ವ್ ಸೇರಿಸಲು ಮರೆತವರಿಗೆ ಶನಿವಾರ, ಭಾನುವಾರಗಳೆರಡೂ ಕೀ ಬದಲಾಯಿಸುವ ಸೇವೆಯಲ್ಲೇ ಸಲ್ಲುವವು.